ಕೈ ಮಾಡಿದ್ದನ್ನು ಬಾಯಿ ಹೇಳಲಿ

ಬೀಗ ಹಾಕಿ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ‘ಹಾಕಿದೆನಾ?’ ಅನ್ನುವ ಅನುಮಾನ ಬಂದರೆ ಅದು ಮರೆವಿನ ರೋಗ ಅಲ್ಲ, ಮಗು. ಮೊದಲು ಆ ಹೆದರಿಕೆ ಬಿಡು. ಗನ್‌ಹೌಸ್ ತನಕ ಹೋದವಳು ಸ್ಕೂಟರ್ ತಿರುಗಿಸಿಕೊಂಡು ಬಂದು, ಬೀಗ ಎಳೆದು ನೋಡಿ, ಸಾಲದು ಅಂತ ಒಳಗೆ ಹೋಗಿ ಗ್ಯಾಸಿನ ರೆಗ್ಯುಲೇಟರ್ ಮುಟ್ಟಿ ಹೋಗುವುದನ್ನು ಈಚೆಗೆ ಗಮನಿಸುತ್ತಿದ್ದೇನೆ. ಮೈಸೂರಿನ ನಮ್ಮ ಅಗ್ರಹಾರದಲ್ಲಿ ಇದು ನಿನ್ನೊಬ್ಬಳ ಪಾಡೂ ಅಲ್ಲ. ಹಿಂದೆ ಇಲ್ಲಿನ ಮನೆಗಳಿಗೆ ಹಗಲು ಹೊತ್ತು ಬೀಗ ಬೀಳುತ್ತಿದ್ದದ್ದೇ ಕಡಿಮೆ. ಯಾರಾದರೊಬ್ಬರು ಜಗಲಿಯ ಮೇಲೆ ಇದ್ದೇ ಇರುತ್ತಿದ್ದರು. ಈಗ ಎಲ್ಲರೂ ಹೊರಡುವವರೇ. ಕೊನೆಗೆ ಹೊರಡುವವರ ತಲೆಯ ಮೇಲೆ ಬೀಗ, ಗ್ಯಾಸು, ಗೀಜರು, ಇಸ್ತ್ರಿಪೆಟ್ಟಿಗೆ, ನೀರಿನ ಮೋಟರು ಎಲ್ಲದರ ಭಾರ.

ಇದಕ್ಕೆ ಕಾರಣ ಇದೆ. ದಿನಾ ಮಾಡಿ ಮಾಡಿ ರೂಢಿಯಾದ ಕೆಲಸಕ್ಕೆ ಗಮನ ಬೇಕಾಗುವುದಿಲ್ಲ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಅದನ್ನು ನೋಡಿಕೊಳ್ಳುತ್ತದೆ. ಕೈ ಬೀಗ ತಿರುಗಿಸುತ್ತಿರುವಾಗ ಮನಸ್ಸು ಆಫೀಸಿನ ಮೀಟಿಂಗಿನಲ್ಲಿ ಕೂತಿರುತ್ತದೆ. ಗಮನವಿಲ್ಲದೆ ಮಾಡಿದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಕೂತರೂ ನಿನ್ನೆಯ ಬೀಗ, ಮೊನ್ನೆಯ ಬೀಗ, ಇವತ್ತಿನ ಬೀಗ ಎಲ್ಲ ಒಂದೇ ಥರ. ಹಳೆಯದನ್ನು ಒರೆಸದೆ ರಂಗೋಲಿಯ ಮೇಲೆ ರಂಗೋಲಿ ಹಾಕಿದರೆ ಇವತ್ತಿನ ಎಳೆ ಯಾವುದು ಅಂತ ಹೇಗೆ ಹೇಳುತ್ತೀ? ಬೀಗ ಹಾಕಿದ್ದು ನಿನಗೆ ಚೆನ್ನಾಗಿಯೇ ನೆನಪಿದೆ. ಯಾವ ದಿನ ಹಾಕಿದ್ದು ಅನ್ನುವುದಷ್ಟೇ ಗೊತ್ತಾಗುತ್ತಿಲ್ಲ.

ಹಾಗಾದರೆ ಇನ್ನೊಂದು ಸಲ ನೋಡಿಬಿಟ್ಟರೆ ಸಮಾಧಾನ ಆಗುತ್ತಲ್ಲ ಅಂತೀಯ. ನಾನು ನಿನಗೆ ಹೇಳಬೇಕಾದ ಮುಖ್ಯ ಮಾತು ಇದೇ: ಆಗುವುದಿಲ್ಲ. ನೆದರ್ಲೆಂಡ್ಸಿನ ವ್ಯಾನ್ ಡೆನ್ ಹೌಟ್ ಮತ್ತು ಕಿಂಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಗ್ಯಾಸ್ ಒಲೆ. ಅದನ್ನು ಹಚ್ಚುವುದು, ಆರಿಸುವುದು, ಆರಿದೆಯೇ ಎಂದು ನೋಡುವುದು, ಮತ್ತೆ ಮತ್ತೆ. ಕೊನೆಯ ಸಲ ನೋಡಿದ್ದು ಯಾವ ಉರಿ ಅಂತ ಕೇಳಿದರೆ ಉತ್ತರ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಆದರೆ ಪದೇ ಪದೇ ನೋಡಿದವರಿಗೆ ಆ ನೆನಪು ಮಸುಕಾಗಿತ್ತು, ಅದರ ಮೇಲಿನ ನಂಬಿಕೆ ಕುಸಿದಿತ್ತು. 2006ರಲ್ಲಿ ಕೆನಡಾದಲ್ಲಿ ಇದನ್ನೇ ನಿಜವಾದ ಒಲೆ ಇಟ್ಟು ಮಾಡಿದರು; ಅಲ್ಲೂ ಅದೇ ಕಥೆ. ಅಂದರೆ ಪ್ರತಿ ಸಲ ತಿರುಗಿ ಬಂದು ನೋಡಿದಾಗಲೂ ನೀನು ಅನುಮಾನಕ್ಕೇ ಗೊಬ್ಬರ ಹಾಕುತ್ತಿದ್ದೀ. ಬೀಗದ ಫೋಟೋ ಹೊಡೆದುಕೊಂಡು ಹೋಗುವ ಹೊಸ ಅಭ್ಯಾಸವೂ ನನಗೆ ಅಷ್ಟು ಒಪ್ಪಿಗೆಯಿಲ್ಲ. ಎರಡು ದಿನ ನೆಮ್ಮದಿ, ಮೂರನೆಯ ದಿನ ‘ಈ ಫೋಟೋ ಇವತ್ತಿನದಾ?’ ಅಂತ ಶುರುವಾಗುತ್ತದೆ.

ಮತ್ತೇನು ಮಾಡಬೇಕು? ಒಂದೇ ಸಲ ಮಾಡು, ಬಾಯಿಬಿಟ್ಟು ಹೇಳಿಕೊಂಡು ಮಾಡು.

ನಗಬೇಡ. ಹಳ್ಳಿಯ ಕಣದಲ್ಲಿ ರಾಗಿ, ಭತ್ತ ಅಳೆಯುವವರನ್ನು ನೋಡಿದ್ದೀಯಾ? ಒಂದು ಅನ್ನುವುದಿಲ್ಲ, ‘ಲಾಭ’ ಅಂತ ಶುರುಮಾಡಿ ‘ಎರಡು, ಮೂರು’ ಅಂತ ಕೂಗಿಕೊಂಡೇ ಅಳೆಯುತ್ತಾರೆ. ಶುಭವಾಗಲಿ ಅನ್ನುವುದು ಅದರ ಒಂದು ಕಾರಣ. ಕೂಗಿಕೊಂಡದ್ದರಿಂದ ಲೆಕ್ಕ ತಪ್ಪುವುದಿಲ್ಲ ಅನ್ನುವುದೂ ಅಷ್ಟೇ ನಿಜ. ನಮ್ಮ ಮನೆಗಳಲ್ಲಿ ಪೂಜೆಗೆ ಮುಂಚೆ ಸಂಕಲ್ಪ ಮಾಡುವುದನ್ನು ನೀನು ಚಿಕ್ಕಂದಿನಿಂದ ಕೇಳಿದ್ದೀ. ಎಲ್ಲಿ ಕೂತಿದ್ದೇನೆ, ಯಾವ ಸಂವತ್ಸರ, ಯಾವ ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ಈಗ ಏನು ಮಾಡಲಿದ್ದೇನೆ ಎಲ್ಲವನ್ನೂ ಬಾಯಲ್ಲಿ ಹೇಳಿ ಆಮೇಲೆ ಕೈ ಆಡಿಸುವುದು. ಅದಕ್ಕೆ ಶಾಸ್ತ್ರದ ಕಾರಣ ಬೇರೆ ಇರಬಹುದು. ಆದರೆ ದಿನಾ ಮಾಡುವ ಒಂದೇ ಪೂಜೆಗೆ ಇವತ್ತಿನ ಗುರುತು ಹಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಚಾಮರಾಜಪುರಂ ಸ್ಟೇಷನ್ ದಾಟಿ ಅಶೋಕಪುರಂ ಕಡೆ ಹೋಗುವ ರೈಲಿನ ಇಂಜಿನ್ನಿನಲ್ಲಿ ಇಬ್ಬರು ಇರುತ್ತಾರಲ್ಲ, ಅವರೂ ಇದನ್ನೇ ಮಾಡುತ್ತಾರೆ. ಸಿಗ್ನಲ್ ಕಂಡ ಕೂಡಲೇ ಅದರ ಬಣ್ಣವನ್ನು ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ತಿರುಗಿ ಹೇಳಬೇಕು. ಕಣ್ಣಿಗೆ ಕಾಣುತ್ತಿದೆಯಲ್ಲ ಅಂತ ಸುಮ್ಮನಿರುವಂತಿಲ್ಲ. ಜಪಾನಿನ ರೈಲ್ವೆಯವರು ಇನ್ನೂ ಒಂದು ಹೆಜ್ಜೆ ಮುಂದೆ: ಬೆರಳು ತೋರಿಸಿ, ಬಾಯಲ್ಲಿ ಹೇಳಿ, ಆಮೇಲೆ ಮುಂದಿನ ಕೆಲಸ. ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ 1994ರಲ್ಲಿ ಪರೀಕ್ಷೆ ಮಾಡಿದಾಗ, ಸುಮ್ಮನೆ ಮಾಡಿದ ನೂರು ಕೆಲಸಗಳಿಗೆ 2.38ರಷ್ಟಿದ್ದ ತಪ್ಪು, ಬೆರಳು ತೋರಿಸಿ ಹೇಳಿದಾಗ 0.38ಕ್ಕೆ ಇಳಿಯಿತು. ಕೈ, ಕಣ್ಣು, ಬಾಯಿ, ಕಿವಿ ನಾಲ್ಕೂ ಒಂದೇ ಕಡೆ ಸೇರಿದರೆ ಮನಸ್ಸು ಬೇರೆಲ್ಲಿಗೆ ಹೋದೀತು?

ನಾಳೆಯಿಂದ ಹೀಗೆ ಮಾಡು. ಹೊರಡುವ ಗಡಿಬಿಡಿಗೆ ಮುಂಚೆಯೇ ಅಡುಗೆಮನೆಯ ಕೆಲಸ ಮುಗಿಸು. ರೆಗ್ಯುಲೇಟರ್ ತಿರುಗಿಸುವಾಗ ‘ಸೋಮವಾರ, ಗ್ಯಾಸ್ ಆಫ್’ ಅನ್ನು. ವಾರದ ಹೆಸರು ಬಿಡಬೇಡ, ಇವತ್ತನ್ನು ನಿನ್ನೆಯಿಂದ ಬೇರೆ ಮಾಡುವುದು ಅದೇ. ಬೀಗ ಹಾಕುವಾಗ ಫೋನು ಕಿವಿಯಲ್ಲಿರಬಾರದು. ಒಂದು ಸಲ ಎಳೆದು ನೋಡು, ‘ಬೀಗ ಬಿತ್ತು’ ಅನ್ನು, ಮೆಟ್ಟಿಲು ಇಳಿ. ಆಮೇಲೆ ಅನುಮಾನ ಬಂದೇ ಬರುತ್ತದೆ, ಬರಲಿ. ಸ್ಕೂಟರ್ ತಿರುಗಿಸಬೇಡ. ಮೊದಲ ಕೆಲವು ದಿನ ಎದೆ ಡವಗುಟ್ಟುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಮನೆಯಲ್ಲಿ ಯಾರಾದರೂ ಇದ್ದರೆ ಫೋನ್ ಮಾಡಿ ‘ನೋಡಿ ಹೇಳಿ’ ಅಂತ ಕೇಳುವುದೂ ಬೇಡ, ಅದೂ ತಿರುಗಿ ಬಂದಂತೆಯೇ.

ಇದೆಲ್ಲ ಸಾಮಾನ್ಯ ಅನುಮಾನಕ್ಕೆ. ನೋಡುವುದು, ತೊಳೆಯುವುದು, ಎಣಿಸುವುದು ದಿನಕ್ಕೆ ಗಂಟೆಗಟ್ಟಲೆ ತಿನ್ನುತ್ತಿದ್ದರೆ, ಬೇಡವೆಂದರೂ ಬಿಡಲಾಗದಿದ್ದರೆ, ಅದು ಗೀಳು. ಅದಕ್ಕೆ ಚಿಕಿತ್ಸೆ ಬೇರೆ, ಚಿಕಿತ್ಸೆ ಮಾಡಿದರೆ ಹತೋಟಿಗೂ ಬರುತ್ತದೆ. ನಮ್ಮಲ್ಲಿ ಅದನ್ನು ಮಡಿಯ ಹೆಸರಿನಲ್ಲಿ ಮುಚ್ಚಿಟ್ಟು ನರಳಿದವರಿದ್ದಾರೆ, ಅದು ನನಗೆ ಬಹಳ ಸಂಕಟ ಕೊಡುವ ವಿಷಯ. ಮನಸ್ಸಿನ ಬಗ್ಗೆ ಕೇಳುವುದಕ್ಕೆ ಈ ಊರಿನಲ್ಲಿ ನಾಚಿಕೆ ಯಾಕೆ? ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಆಕಾಶವಾಣಿ ಅಂದರೆ ನೆನಪಾಗುವ ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ. ಕೆ.ಆರ್. ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ; 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿನಗೆ ಅಷ್ಟು ದೂರ ಹೋಗಿದೆ ಅಂತ ನನಗನ್ನಿಸುವುದಿಲ್ಲ. ಹಾಗೇನಾದರೂ ಅನ್ನಿಸಿದರೆ ಹೇಳು, ಆಸ್ಪತ್ರೆಗೆ ನಾನೇ ಜೊತೆಗೆ ಬರುತ್ತೇನೆ.