ಗೆಳೆಯನನ್ನು ಕೇಳುವ ಮೊದಲು



ಕಳೆದ ವರ್ಷ ಸಿಇಟಿಗೆ ಒಂದು ವಾರ ಇರುವಾಗ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಒಂದು ವಿಷಯ ಕೇಳಬಹುದಾ?" ಎಂದಳು. ಪಾಠದ ಸಂಶಯ ಇರಬೇಕೆಂದು ನಾನು ಪುಸ್ತಕ ಕೈಗೆತ್ತಿಕೊಂಡೆ. ಅವಳ ಸಂಶಯ ಬೇರೆಯೇ ಆಗಿತ್ತು. ಅವಳ ಮನೆ ಘಟ್ಟದ ಬುಡದ ಊರಿನಲ್ಲಿ. ಬೆಳಗಿನ ಮೊದಲ ಬಸ್ಸು ಹಿಡಿದರೂ ಪರೀಕ್ಷಾ ಕೇಂದ್ರಕ್ಕೆ ಸಮಯಕ್ಕೆ ಸರಿಯಾಗಿ ತಲುಪುವ ಖಾತ್ರಿ ಇಲ್ಲ. ಕೇಂದ್ರದ ಹತ್ತಿರವೇ ಗೆಳತಿಯ ಮನೆಯಿದೆ. ಹಿಂದಿನ ರಾತ್ರಿ ಅಲ್ಲಿ ಉಳಿದರೆ ಚಿಂತೆಯಿಲ್ಲ. ಆದರೆ ಗೆಳತಿಯೂ ಅದೇ ಪರೀಕ್ಷೆ ಬರೆಯುವವಳು. ಮನೆ ಚಿಕ್ಕದು. ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ. "ಕೇಳಿದರೆ ಅವಳು ಇಲ್ಲ ಅನ್ನುವುದಿಲ್ಲ ಸರ್. ಅದಕ್ಕೇ ಕೇಳಲು ಹೆದರಿಕೆ" ಎಂದಳು.

ಆ ಕೊನೆಯ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಅವಳಿಗೆ ನಾನು ಏನು ಹೇಳಿದೆ ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಪ್ರಶ್ನೆಯನ್ನು ಬಿಡಿಸಿ ನೋಡೋಣ. ಗೆಳೆಯರಿಗೆ ತೊಂದರೆಯಾಗುವಂಥ ಸಹಾಯವನ್ನು ಅವರಲ್ಲಿ ಕೇಳುವುದು ಸರಿಯೇ? ಈ ವಿಷಯದಲ್ಲಿ ನಾನೇ ಎರಡು ತಪ್ಪು ಮಾಡಿದ್ದೇನೆ. ಅವುಗಳಿಂದಲೇ ಶುರು ಮಾಡುತ್ತೇನೆ.

ಕೇಳಬಾರದಾಗ ಕೇಳಿದ್ದು

ನಾನು ದ್ವಿತೀಯ ಪಿಯುಸಿಯಲ್ಲಿದ್ದಾಗ ವರ್ಷವಿಡೀ ಜೀವಶಾಸ್ತ್ರದ ರೆಕಾರ್ಡ್ ಮುಟ್ಟಿರಲಿಲ್ಲ. ಸಲ್ಲಿಸಲು ಮೂರು ದಿನ ಇರುವಾಗ ಎಚ್ಚರವಾಯಿತು. ನನ್ನ ಬೆಂಚಿನ ಗೆಳೆಯ ಚಿತ್ರ ಬಿಡಿಸುವುದರಲ್ಲಿ ಗಟ್ಟಿಗ. "ಹನ್ನೆರಡು ಚಿತ್ರ ಅಷ್ಟೆ ಮಾರಾಯ, ನಿನಗೆ ಎಷ್ಟು ಹೊತ್ತು?" ಎಂದು ರೆಕಾರ್ಡನ್ನು ಅವನ ಚೀಲಕ್ಕೆ ತುರುಕಿದೆ. ಅವನು ಏನೂ ಹೇಳಲಿಲ್ಲ. ಮೂರನೇ ದಿನ ಚಿತ್ರಗಳೆಲ್ಲ ತಯಾರಾಗಿದ್ದವು. ನನಗೆ ಒಳ್ಳೆಯ ಅಂಕವೂ ಬಂತು. ಅದೇ ವಾರದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನು ಫಿಸಿಕ್ಸಿನಲ್ಲಿ ಫೇಲಾದಾಗ ಅವನನ್ನು ಗೇಲಿ ಮಾಡಿದವರಲ್ಲಿ ನಾನೂ ಒಬ್ಬ.

ಹತ್ತು ವರ್ಷದ ನಂತರ ಅವನ ತಂಗಿಯ ನಿಕಾಹ್‌ಗೆ ಹೋಗಿದ್ದೆ. ಅವನ ಉಮ್ಮ ನನ್ನನ್ನು ಗುರುತು ಹಿಡಿದು, "ನೀನೇ ಅಲ್ವಾ ರೆಕಾರ್ಡಿನ ಹುಡುಗ? ಆ ಎರಡು ರಾತ್ರಿ ಇವನು ಮಲಗಲೇ ಇಲ್ಲ. ಫಿಸಿಕ್ಸಿಗೆ ಓದಲಿಕ್ಕೆ ಆಗಲಿಲ್ಲ ಅಂತ ಅಳುತ್ತಿದ್ದ" ಎಂದರು. ಅವರು ನಗುತ್ತಲೇ ಹೇಳಿದ್ದು. ತಟ್ಟೆಯಲ್ಲಿದ್ದ ಬಿರಿಯಾನಿ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಕೇಳಬೇಕಾದಾಗ ಕೇಳದೆ ಹೋದದ್ದು

ಆ ನಿಕಾಹ್‌ಗೆ ಕೆಲವು ವರ್ಷ ಮೊದಲು ನನ್ನ ತಂದೆಗೆ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದರು. ರಾತ್ರಿ ಜೊತೆಗಿರಲು ನಾನೊಬ್ಬನೇ. ಅದೇ ಗೆಳೆಯನ ಮನೆ ಆಸ್ಪತ್ರೆಯಿಂದ ಎರಡು ಕಿಲೋಮೀಟರ್ ದೂರದಲ್ಲಿತ್ತು. ಅವನಿಗೆ ಹೊಸ ಕೆಲಸ, ಬೆಳಿಗ್ಗೆ ಆರಕ್ಕೆ ಡ್ಯೂಟಿ. ತೊಂದರೆ ಕೊಡುವುದು ಬೇಡವೆಂದು ಸುಮ್ಮನಿದ್ದೆ. ಮೂರನೇ ರಾತ್ರಿ ನಾನು ಕುಳಿತಲ್ಲೇ ನಿದ್ದೆಹೋದೆ. ತಂದೆ ಎರಡು ಸಲ ಕರೆದು, ನಾನು ಏಳದಿದ್ದಾಗ ಒಬ್ಬರೇ ಬಾತ್‌ರೂಮಿಗೆ ಹೋಗಲು ಎದ್ದು ಬಿದ್ದರು. ಹಣೆಗೆ ಹೊಲಿಗೆ ಬಿತ್ತು. ಹೆಚ್ಚಿನ ಅಪಾಯವಾಗಲಿಲ್ಲ, ಆದರೆ ಆಗಬಹುದಿತ್ತು.

ಸುದ್ದಿ ತಿಳಿದು ಓಡಿಬಂದ ಗೆಳೆಯ ಕೇಳಿದ್ದು ಒಂದೇ ಮಾತು: "ಎಂತ ಮಾರಾಯ, ನನ್ನ ಮನೆ ಎಲ್ಲಿ ಅಂತ ನಿನಗೆ ಗೊತ್ತಿರಲಿಲ್ವಾ?"

ಒಬ್ಬನೇ ಗೆಳೆಯ. ಕೇಳಬಾರದಾಗ ಅವನನ್ನು ಕೇಳಿದೆ, ಕೇಳಬೇಕಾದಾಗ ಕೇಳಲಿಲ್ಲ. ಈಗ ಯೋಚಿಸಿದರೆ ಎರಡೂ ಸಲ ನಾನು ನೋಡಿದ್ದು ನನ್ನನ್ನೇ. ಮೊದಲ ಸಲ ನನ್ನ ಅಂಕ, ಎರಡನೆಯ ಸಲ ನನ್ನ ಮರ್ಯಾದೆ. ಯಾರ ಹಂಗೂ ಬೇಡ ಎಂಬ ಬಿಗುಮಾನವನ್ನು ಅವನ ಮೇಲಿನ ಕಾಳಜಿ ಎಂದು ನಾನೇ ನಂಬಿಸಿಕೊಂಡಿದ್ದೆ.

"ಹೂಂ" ಎಂದರೆ ಒಪ್ಪಿಗೆಯೇ?

ನಮ್ಮ ಭಾಷೆಯಲ್ಲಿ ದಾಕ್ಷಿಣ್ಯ ಎಂಬ ಪದವಿದೆ. ಮನಸ್ಸಿಲ್ಲದಿದ್ದರೂ ಎದುರಿನವರ ಮುಖ ನೋಡಿ ಇಲ್ಲ ಎನ್ನಲಾಗದ ಸ್ಥಿತಿ ಅದು. ನನ್ನ ಗೆಳೆಯ ಅಂದು ಬಾಯಿ ಮುಚ್ಚಿ ಕುಳಿತದ್ದು ದಾಕ್ಷಿಣ್ಯದಿಂದ. ಅವನ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡೆ.

ಅಮೆರಿಕದ ಫ್ರಾನ್ಸಿಸ್ ಫ್ಲಿನ್ ಮತ್ತು ವೆನೆಸ್ಸಾ ಲೇಕ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಭಾಗವಹಿಸಿದವರು ಅಪರಿಚಿತರನ್ನು ಕೇಳಿ 5 ಪ್ರಶ್ನಾವಳಿಗಳನ್ನು ತುಂಬಿಸಿ ತರಬೇಕಿತ್ತು. ಅದಕ್ಕೆ ಸುಮಾರು 20 ಮಂದಿಯನ್ನು ಕೇಳಬೇಕಾದೀತು ಎಂದು ಅವರು ಅಂದಾಜು ಮಾಡಿದ್ದರು. ಕೇಳಲು ಹೋದಾಗ ಸುಮಾರು 10 ಮಂದಿಯನ್ನು ಕೇಳಿದರೆ ಸಾಕಾಯಿತು. ಅಂದರೆ ಜನ ನಾವು ಎಣಿಸಿದ್ದಕ್ಕಿಂತ ಬೇಗ ಒಪ್ಪುತ್ತಾರೆ.

ಇದು ಸಂತೋಷದ ಸಂಗತಿ. ಆದರೆ ಅದಕ್ಕೆ ಆ ಸಂಶೋಧಕರು ಕೊಟ್ಟ ಕಾರಣವನ್ನೂ ಗಮನಿಸಿ. ಕೇಳುವವನು ಆ ಕೆಲಸಕ್ಕೆ ಎಷ್ಟು ಶ್ರಮ ಬೇಕು ಎಂದು ಲೆಕ್ಕ ಹಾಕುತ್ತಾನೆ. ಕೇಳಿಸಿಕೊಳ್ಳುವವನ ತಲೆಯಲ್ಲಿ ಇರುವುದು, ಮುಖಕ್ಕೆ ಮುಖ ಕೊಟ್ಟು ಇಲ್ಲ ಎನ್ನುವುದು ಹೇಗೆ ಎಂಬ ಇಕ್ಕಟ್ಟು. ನಮ್ಮ ಮಾತಿನಲ್ಲಿ ಹೇಳುವುದಾದರೆ ದಾಕ್ಷಿಣ್ಯ. ಅಪರಿಚಿತರ ನಡುವೆಯೇ ಹೀಗಾದರೆ ಗೆಳೆಯರ ನಡುವೆ ಅದರ ಭಾರ ಎಷ್ಟಿರಬೇಡ?

ಹಾಗಾಗಿ "ಅವನೇ ಒಪ್ಪಿದನಲ್ಲ" ಎಂಬ ಸಮಾಧಾನ ಸಾಲದು. ತೂಗಿ ನೋಡುವ ಕೆಲಸವನ್ನು ಗೆಳೆಯನ ಮೇಲೆ ಹಾಕುವಂತಿಲ್ಲ. ಕೇಳುವವರೇ ಮೊದಲು ತೂಗಿ ನೋಡಬೇಕು.

ಹಿಂದಿನವರಿಂದ ಮೂರು ಪಾಠ

ಮೊದಲನೆಯದು ನಮ್ಮ ಹಳ್ಳಿಗಳದ್ದು. ನಿಮ್ಮ ಅಜ್ಜ ಅಜ್ಜಿಯರನ್ನು ಮುಯ್ಯಾಳು ಎಂದರೆ ಏನೆಂದು ಕೇಳಿ. ನಾಟಿಗೋ ಕೊಯ್ಲಿಗೋ ಈ ಮನೆಯವರು ಆ ಮನೆಯ ಗದ್ದೆಗೆ ಹೋಗುವುದು, ಆ ಮನೆಯವರು ಈ ಗದ್ದೆಗೆ ಬರುವುದು. ಕೂಲಿ ಇಲ್ಲ, ದುಡಿಮೆಗೆ ದುಡಿಮೆ. ತೊಂದರೆ ಕೊಡುವುದನ್ನೇ ನಾಚಿಕೆ ಎಂದುಕೊಂಡಿದ್ದರೆ ಗದ್ದೆ ಹಸಿರಾಗುತ್ತಿರಲಿಲ್ಲ. ಅಲ್ಲಿ ಕೇಳುವವನಿಗೆ ಸಂಕೋಚ ಇರಲಿಲ್ಲ, ಏಕೆಂದರೆ ನಾಳೆ ತಾನೂ ಹೋಗುತ್ತೇನೆ ಎಂಬುದು ಅವನಿಗೆ ಖಚಿತವಿತ್ತು.

ಎರಡನೆಯದು ಗ್ರೀಸ್ ದೇಶದ್ದು. ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲ್ ತನ್ನ ನಿಕೊಮೇಕಿಯನ್ ಎಥಿಕ್ಸ್ ಗ್ರಂಥದ 9ನೇ ಭಾಗದಲ್ಲಿ ಇದೇ ವಿಷಯ ಎತ್ತುತ್ತಾನೆ. ನಮ್ಮ ಸಂತೋಷಕ್ಕೆ ಗೆಳೆಯರನ್ನು ಧಾರಾಳವಾಗಿ ಕರೆಯಬೇಕು, ಕಷ್ಟಕ್ಕೆ ಕರೆಯುವಾಗ ಹಿಂದೆಮುಂದೆ ನೋಡಬೇಕು. ಆದರೆ ಅವರಿಗೆ ಸ್ವಲ್ಪ ತೊಂದರೆಯಾಗಿ ನಮಗೆ ದೊಡ್ಡ ಉಪಕಾರವಾಗುವುದಿದ್ದರೆ ಕರೆಯಬೇಕು ಎಂಬುದು ಅವನ ಅಭಿಪ್ರಾಯ. ಗೆಳೆಯ ಕಷ್ಟದಲ್ಲಿದ್ದರೆ ಮಾತ್ರ ಅವನು ಕರೆಯುವ ತನಕ ಕಾಯದೆ ನಾವೇ ಹೋಗಬೇಕು ಎಂದೂ ಹೇಳುತ್ತಾನೆ. ಕೇಳುವಾಗ ನಿಧಾನ, ಕೊಡುವಾಗ ಅವಸರ.

ಮೂರನೆಯದು ನಿಮ್ಮಲ್ಲಿ ಹಲವರು ಮದ್ರಸದಲ್ಲಿ ಕೇಳಿದ ಕತೆ. 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ಬರಿಗೈಯಲ್ಲಿ ಬಂದವರನ್ನು ಪ್ರವಾದಿ(ಸ) ಅಲ್ಲಿನ ಅನ್ಸಾರ್‌ಗಳ ಜೊತೆ ಸಹೋದರರನ್ನಾಗಿ ಮಾಡಿದರು. ಹಾಗೆ ಜೊತೆಯಾದವರಲ್ಲಿ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನಲ್ಲಿ ಅರ್ಧವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಒಳಿತಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕು ಎಂದರು. ಅಲ್ಲಿ ವ್ಯಾಪಾರ ಮಾಡಿ ತಮ್ಮ ಕಾಲ ಮೇಲೆ ನಿಂತರು. ಇಬ್ಬರನ್ನೂ ಒಟ್ಟಿಗೆ ನೋಡಿ. ಕೊಡುವವರು ಅರ್ಧಕ್ಕಿಂತ ಕಡಿಮೆ ಯೋಚಿಸಲಿಲ್ಲ. ಪಡೆಯುವವರು ದಾರಿಗಿಂತ ಹೆಚ್ಚು ಕೇಳಲಿಲ್ಲ. ಹಾಗೆಂದು ಸಹಾಯವೇ ಬೇಡ ಎಂದು ಅವರು ಮುಖ ತಿರುಗಿಸಲೂ ಇಲ್ಲ.

ನಾಲ್ಕು ಪ್ರಶ್ನೆಗಳು

ಇವುಗಳಿಂದ ನಾನು ನಾಲ್ಕು ಪ್ರಶ್ನೆಗಳನ್ನು ಮಾಡಿಕೊಂಡಿದ್ದೇನೆ. ಯಾರನ್ನಾದರೂ ಕೇಳುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ.

1. ಇದು ನಾನೇ ಮಾಡಬಹುದಾದ, ಮಾಡಲೇಬೇಕಾದ ಕೆಲಸವೇ? ರೆಕಾರ್ಡ್ ನಾನೇ ಬರೆಯಬೇಕಾದದ್ದು. ಪ್ರಾಕ್ಸಿ ಹಾಜರಿ, ಪರೀಕ್ಷೆಯಲ್ಲಿ ಉತ್ತರ ತೋರಿಸುವುದು ಇವೂ ಇದೇ ಗುಂಪಿನವು. ಇವು ಸಹಾಯವೇ ಅಲ್ಲ. ನಮ್ಮ ತಪ್ಪಿನಲ್ಲಿ ಗೆಳೆಯನಿಗೂ ಪಾಲು ಕೊಟ್ಟಂತೆ.

2. ನನಗಾಗುವ ಉಪಕಾರ ದೊಡ್ಡದೋ, ಅವನಿಗಾಗುವ ತೊಂದರೆ ದೊಡ್ಡದೋ? ತಂದೆಯ ಬಳಿ ಒಂದು ರಾತ್ರಿ ಕೂರುವುದರಿಂದ ಗೆಳೆಯನಿಗೆ ಒಂದು ದಿನದ ನಿದ್ದೆ ಹೋಗುತ್ತಿತ್ತು. ನಮಗೆ ಅದು ಜೀವದ ಪ್ರಶ್ನೆ.

3. ಬೆಲೆ ತೆರುವವರು ಯಾರು? ಎಷ್ಟೋ ಸಲ ಅದು ಗೆಳೆಯನಲ್ಲ, ಅವನ ಮನೆಯವರು. "ನಿನ್ನ ಅಣ್ಣನ ಬೈಕ್ ಒಂದು ರೌಂಡ್ ಕೊಡೋ" ಎನ್ನುವವರು ತಿಳಿದಿರಲಿ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ, 18 ವರ್ಷ ತುಂಬದವರು ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದ ತನಕ ಜೈಲು ಮತ್ತು 25,000 ರೂಪಾಯಿ ದಂಡ ಇದೆ. ವಾಹನದ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ. ಗೆಳೆಯ "ತಗೋ" ಎಂದು ಕೀ ಎಸೆಯಬಹುದು. ಕೋರ್ಟಿಗೆ ಅಲೆಯುವವನು ಅವನ ಅಣ್ಣ.

4. ಇಲ್ಲ ಎನ್ನಲು ನಾನು ಅವನಿಗೆ ದಾರಿ ಬಿಟ್ಟಿದ್ದೇನೆಯೇ? ಕೊನೆಯ ಗಳಿಗೆಯಲ್ಲಿ, ನಾಲ್ಕು ಜನರ ಎದುರು, "ನೀನು ನನ್ನ ಫ್ರೆಂಡ್ ಆಗಿದ್ದರೆ" ಎಂದು ಶುರು ಮಾಡಿ ಕೇಳಿದರೆ ಅದು ಕೇಳುವುದಲ್ಲ, ಕಟ್ಟಿಹಾಕುವುದು. ಮುಂಚೆಯೇ, ಒಬ್ಬನೇ ಇದ್ದಾಗ, ಎಷ್ಟು ತೊಂದರೆಯ ಕೆಲಸ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಅವನು ಆಗುವುದಿಲ್ಲ ಎಂದರೆ ನಾಳೆಯೂ ಅದೇ ಮುಖದಲ್ಲಿ ಸಲಾಮ್ ಹೇಳುವ ಮನಸ್ಸು ನಮ್ಮಲ್ಲಿರಬೇಕು.

ಇವಿಷ್ಟಕ್ಕೂ ಉತ್ತರ ಸರಿಯಿದ್ದರೆ ಧೈರ್ಯವಾಗಿ ಕೇಳಿ. ಆಗ ಕೇಳದಿರುವುದೇ ತಪ್ಪು. ಕೇಳುವ ಮೂಲಕ "ನನಗೆ ನಿನ್ನ ಮೇಲೆ ಭರವಸೆ ಇದೆ" ಎಂದು ನಾವು ಹೇಳುತ್ತೇವೆ. ಕೇಳದೆ ಇದ್ದಾಗ ಗೆಳೆಯನಿಗೆ ಏನನ್ನಿಸುತ್ತದೆ ಎಂಬುದನ್ನು ನಾನು ಆಸ್ಪತ್ರೆಯಲ್ಲಿ ಅವನ ಮುಖದಲ್ಲೇ ನೋಡಿದ್ದೇನೆ.

ಆ ವಿದ್ಯಾರ್ಥಿನಿ ಏನು ಮಾಡಿದಳು?

ಅವಳಿಗೆ ನಾನು, "ಇವತ್ತೇ ಕೇಳು, ಇನ್ನೂ ಒಂದು ವಾರ ಇದೆ. ಗೆಳತಿಯ ಜೊತೆ ಅವಳ ಉಮ್ಮನನ್ನೂ ಕೇಳು, ಮನೆ ನಡೆಸುವವರು ಅವರು. ಆಗದಿದ್ದರೆ ನಮ್ಮ ಹಾಸ್ಟೆಲಿನಲ್ಲಿ ಒಂದು ರಾತ್ರಿಗೆ ಪ್ರಿನ್ಸಿಪಾಲರ ಹತ್ತಿರ ನಾನು ಮಾತಾಡುತ್ತೇನೆ. ಅದನ್ನೂ ಅವರಿಗೆ ಮೊದಲೇ ಹೇಳಿಬಿಡು" ಎಂದೆ.

ಅವಳು ಹಾಗೆಯೇ ಕೇಳಿದಳು. ಗೆಳತಿಯ ಉಮ್ಮ ಸ್ವಲ್ಪ ಯೋಚಿಸಿ, "ಅಜ್ಜಿ ರಾತ್ರಿಯಿಡೀ ಕೆಮ್ಮುತ್ತಾರೆ ಮಗಳೇ, ಇಬ್ಬರಿಗೂ ನಿದ್ದೆ ಬರಲಿಕ್ಕಿಲ್ಲ. ನೀನು ಹಾಸ್ಟೆಲಿನಲ್ಲೇ ಮಲಗು. ಬೆಳಿಗ್ಗೆ ಇವಳನ್ನು ಬಿಡಲು ಹೋಗುವಾಗ ನಿನ್ನನ್ನೂ ಕರಕೊಂಡು ಹೋಗುತ್ತಾರೆ" ಎಂದರಂತೆ. ಪರೀಕ್ಷೆಯ ದಿನ ಇಬ್ಬರೂ ಒಂದೇ ರಿಕ್ಷಾದಲ್ಲಿ ಬಂದಿಳಿದರು. ಬುತ್ತಿಯೂ ಅದೇ ಮನೆಯಿಂದ ಬಂದಿತ್ತು.

ಕೇಳಿದ್ದು ಸಿಗಲಿಲ್ಲ, ಬೇಕಾದದ್ದು ಸಿಕ್ಕಿತು. ಇಲ್ಲ ಎನ್ನಲು ದಾರಿ ಬಿಟ್ಟಿದ್ದರಿಂದಲೇ ಆ ತಾಯಿಗೆ ನಿಜ ಹೇಳಲು ಸಾಧ್ಯವಾಯಿತು, ತಮ್ಮಿಂದಾಗುವುದನ್ನು ಸಂತೋಷದಿಂದ ಮಾಡಲೂ ಸಾಧ್ಯವಾಯಿತು.

ತರಗತಿಯಲ್ಲಿ ಚರ್ಚಿಸಿ

1. ಗೆಳೆಯ ಕೇಳಿದ ಸಹಾಯಕ್ಕೆ "ಆಗುವುದಿಲ್ಲ" ಎಂದು ನೀವು ಕೊನೆಯ ಬಾರಿ ಹೇಳಿದ್ದು ಯಾವಾಗ? ಹೇಳಲಾಗದೆ ಒಪ್ಪಿದ್ದು ಯಾವಾಗ?
2. ಮುಯ್ಯಾಳಿನಲ್ಲಿ ದುಡಿಮೆಗೆ ದುಡಿಮೆ ಸಲ್ಲುತ್ತದೆ. ಗೆಳೆತನದಲ್ಲಿಯೂ ಹಾಗೆ ಲೆಕ್ಕ ಇಡಬೇಕೇ?
3. ನಿಮಗಾಗಿ ಯಾರೋ ಒಬ್ಬರು ಹೇಳದೆ ಪಟ್ಟ ತೊಂದರೆ ಯಾವುದಾದರೂ ಇದೆಯೇ? ಇದ್ದರೆ, ಅವರಿಗೆ ಇಂದೇ ಒಂದು ಮಾತು ಹೇಳಿ. ನನಗೆ ಅದನ್ನು ಹೇಳಲು ಹತ್ತು ವರ್ಷ ಹಿಡಿಯಿತು.