ಪಂದ್ಯದ ಹಾಯಿದೋಣಿಯ ವಿನ್ಯಾಸ: ಬಲಗಳ ಘಟಕಕ್ಕೊಂದು ವಿಸ್ತರಣಾ ಪಾಠ

9ನೇ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕದಲ್ಲಿ ಸಂತುಲಿತ ಹಾಗೂ ಅಸಂತುಲಿತ ಬಲಗಳ ವ್ಯಾಖ್ಯೆಯನ್ನು ಮಕ್ಕಳು ಬೇಗ ಒಪ್ಪಿಸುತ್ತಾರೆ. ಆದರೆ ‘ವಸ್ತು ತಳ್ಳಿದ ಕಡೆಗೇ ಹೋಗುತ್ತದೆ’ ಎಂಬ ಪೂರ್ವಕಲ್ಪನೆ ಅದರ ಅಡಿಯಲ್ಲಿ ಹಾಗೆಯೇ ಉಳಿದಿರುತ್ತದೆ. ವ್ಯಾಖ್ಯೆ ಕೇಳುವ ಪ್ರಶ್ನೆಪತ್ರಿಕೆಯಲ್ಲಿ ಅದು ಹೊರಬರುವುದಿಲ್ಲ. ಪೂರ್ಣ ಅಂಕ ಪಡೆದ ಮಗುವೂ ಅದನ್ನು ಹೊತ್ತುಕೊಂಡೇ ಮುಂದಿನ ತರಗತಿಗೆ ಹೋಗಬಹುದು. ಈ ಕಲ್ಪನೆಯನ್ನು ಬಯಲಿಗೆಳೆಯಲು ಪಂದ್ಯದ ಹಾಯಿದೋಣಿ ಒಳ್ಳೆಯ ಉದಾಹರಣೆ. 5ಇ ಮಾದರಿಯಲ್ಲಿ ಎರಡು ಅವಧಿಗಳಿಗೆ ರೂಪಿಸಿದ ಪಾಠ ಇಲ್ಲಿದೆ.

ತೊಡಗಿಸಿಕೊಳ್ಳುವಿಕೆ: ಕಪ್ಪುಹಲಗೆಯ ಮೇಲೆ ಮೇಲಿನಿಂದ ಕಾಣುವಂತೆ ದೋಣಿಯ ಚಿತ್ರ ಬರೆದು, ಪಕ್ಕದಿಂದ ಗಾಳಿ ಬೀಸುವುದನ್ನು ಬಾಣದಿಂದ ತೋರಿಸಿ. ದೋಣಿ ಸಾಗುವ ದಿಕ್ಕಿಗೆ ಪ್ರತಿಯೊಬ್ಬರೂ ತಮ್ಮ ಪುಸ್ತಕದಲ್ಲಿ ಬಾಣ ಎಳೆಯಲಿ. ನನ್ನ ಅಭ್ಯಾಸ ಬೋಧನೆಯ ತರಗತಿಯಲ್ಲಿ ಬಹುತೇಕ ಬಾಣಗಳು ಗಾಳಿಯ ದಿಕ್ಕಿಗೇ ಇದ್ದವು. ಉತ್ತರವನ್ನು ಆಗಲೇ ತಿದ್ದಬಾರದು.

ಅನ್ವೇಷಣೆ: ಬೇಕಾದದ್ದು ಅಗಲವಾದ ನೀರಿನ ಟಬ್ಬು, ಉದ್ದನೆಯ ಥರ್ಮೋಕೋಲ್ ತುಂಡು, ಕಡ್ಡಿಗೆ ಅಂಟಿಸಿದ ಕಾಗದದ ಹಾಯಿ, ಹಳೆಯ ಬಾಟಲಿಯಿಂದ ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿ. ಹಾಯಿಯನ್ನು ಓರೆಯಾಗಿ ನಿಲ್ಲಿಸಿ ಪಕ್ಕದಿಂದ ಗಾಳಿ ಬೀಸಿದರೆ ದೋಣಿ ಅಡ್ಡಕ್ಕೆ ಜಾರುತ್ತದೆ. ಪ್ಲಾಸ್ಟಿಕ್ ಪಟ್ಟಿಯನ್ನು ದೋಣಿಯ ತಳಕ್ಕೆ ಉದ್ದುದ್ದವಾಗಿ ಸಿಕ್ಕಿಸಿ, ಅದರ ತುದಿಗೆ ನಾಣ್ಯ ಅಂಟಿಸಿ ಮತ್ತೆ ಬೀಸಿದರೆ ಅಡ್ಡಜಾರಿಕೆ ಕಡಿಮೆಯಾಗಿ ದೋಣಿ ಮುಂದಕ್ಕೆ ಸಾಗುತ್ತದೆ.

ವಿವರಣೆ: ಈ ಪಟ್ಟಿಯೇ ಕೀಲ್. ಓರೆ ಹಾಯಿಯ ಮೇಲಿನ ಬಲದ ಹೆಚ್ಚಿನ ಪಾಲು ಪಕ್ಕಕ್ಕೆ, ಸ್ವಲ್ಪ ಪಾಲು ಮುಂದಕ್ಕೆ. ಪಕ್ಕದ ಪಾಲನ್ನು ನೀರು ಕೀಲ್ ಮೂಲಕ ಸಂತುಲಿಸುತ್ತದೆ; ಮುಂದಿನ ಪಾಲು ಅಸಂತುಲಿತವಾಗಿ ಉಳಿಯುತ್ತದೆ. ಸದಿಶಗಳ ವಿಘಟನೆ ಈ ತರಗತಿಯ ಪಠ್ಯದಲ್ಲಿಲ್ಲ. ಆದ್ದರಿಂದ ಒದ್ದೆ ಹುಣಸೆ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿಸಿ ನೋಡಿ: ಒತ್ತುವುದು ಪಕ್ಕದಿಂದ, ಬೀಜ ಚಿಮ್ಮುವುದು ಮುಂದಕ್ಕೆ. ಒಂದು ಬೆರಳು ಗಾಳಿ, ಇನ್ನೊಂದು ನೀರು.

ವಿಸ್ತರಣೆ: ಇಲ್ಲಿಂದ ವಿನ್ಯಾಸಕಾರನ ಪ್ರಶ್ನೆಗಳು ಹುಟ್ಟುತ್ತವೆ. ಭಾರವಾದ ಕೀಲ್ ದೋಣಿ ಮಗುಚದಂತೆ ಕಾಯುತ್ತದೆ, ಆದರೆ ನೀರಿನ ಪ್ರತಿರೋಧವನ್ನೂ ಹೆಚ್ಚಿಸುತ್ತದೆ. 1983ರ ಅಮೆರಿಕಾಸ್ ಕಪ್‌ಗೆ ಬೆನ್ ಲೆಕ್ಸೆನ್ ವಿನ್ಯಾಸದ ‘ಆಸ್ಟ್ರೇಲಿಯಾ 2’ ದೋಣಿ ರೆಕ್ಕೆಗಳುಳ್ಳ ಕೀಲ್‌ನೊಂದಿಗೆ ಬಂತು. ಭಾರ ಕೆಳಗೆ ಸೇರಿದ್ದರಿಂದ ಸ್ಥಿರತೆ ಹೆಚ್ಚಿತು. ಅದು 4–3ರಿಂದ ಗೆದ್ದು, ನ್ಯೂಯಾರ್ಕ್ ಯಾಟ್ ಕ್ಲಬ್ಬಿನ 132 ವರ್ಷಗಳ ಹಿಡಿತವನ್ನು ಮುರಿಯಿತು.

ಎರಡನೆಯ ಅಡ್ಡಿ ದೋಣಿಯೇ ಎಬ್ಬಿಸುವ ಅಲೆ. ನೀರಿಗೆ ತಾಗುವ ಉದ್ದ ಮೀಟರಿನಲ್ಲಿದ್ದರೆ, ಅದರ ವರ್ಗಮೂಲವನ್ನು 4.5ರಿಂದ ಗುಣಿಸಿದಾಗ ಸಾಮಾನ್ಯ ಭಾರದ ದೋಣಿಯ ಅಂದಾಜು ವೇಗಮಿತಿ ಗಂಟೆಗೆ ಕಿ.ಮೀ.ಗಳಲ್ಲಿ ಸಿಗುತ್ತದೆ. 9 ಮೀಟರ್ ದೋಣಿಗೆ 13.5, 16 ಮೀಟರ್ ದೋಣಿಗೆ 18 ಕಿ.ಮೀ. ಲೆಕ್ಕವನ್ನು ಮಕ್ಕಳೇ ಮಾಡಲಿ. ಅದರಾಚೆ ಹಾಯಿ ದೊಡ್ಡದು ಮಾಡಿದಷ್ಟೂ ಶಕ್ತಿ ಅಲೆ ಎಬ್ಬಿಸುವುದಕ್ಕೇ ಹೆಚ್ಚಾಗಿ ವ್ಯಯವಾಗುತ್ತದೆ.

ಪರಿಹಾರವೆಂದರೆ ದೋಣಿಯ ಒಡಲನ್ನೇ ನೀರಿನಿಂದ ಮೇಲೆತ್ತುವುದು. ನೀರೊಳಗಿನ ರೆಕ್ಕೆಗೆ ಹೈಡ್ರೋಫಾಯಿಲ್ ಎನ್ನುತ್ತಾರೆ. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು ಇರುವುದರಿಂದ ಚಿಕ್ಕ ರೆಕ್ಕೆಯೂ ದೊಡ್ಡ ಭಾರ ಎತ್ತಬಲ್ಲದು. ಅದೇ ಕೋನದಲ್ಲಿ ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. 2021ರಲ್ಲಿ ಆಕ್ಲೆಂಡ್‌ನಲ್ಲಿ ಕಪ್‌ಗಾಗಿ ಸೆಣಸಿದ ‘ಎಸಿ75’ ದೋಣಿಗಳಲ್ಲಿ ಕೀಲ್ ಇರಲಿಲ್ಲ. ಗಾಳಿ ಬರುವ ಬದಿಯ ರೆಕ್ಕೆ ಮೇಲೆದ್ದು ತನ್ನ ಭಾರದಿಂದ ಸಮತೋಲನ ಕಾಯುತ್ತದೆ, ಇನ್ನೊಂದು ಬದಿಯದು ನೀರಿನಲ್ಲಿದ್ದು ದೋಣಿಯನ್ನು ಎತ್ತುತ್ತದೆ. ಈ ದೋಣಿಗಳು ಗಂಟೆಗೆ 90 ಕಿ.ಮೀ. ದಾಟಬಲ್ಲವು. ಎಂಜಿನ್ ಶಕ್ತಿಯಿಂದಲ್ಲ, ಪ್ರತಿರೋಧ ಇಳಿದದ್ದರಿಂದ ಬಂದ ವೇಗವಿದು ಎಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು.

ಮೌಲ್ಯಮಾಪನ: ‘ಕೀಲ್ ಎಂದರೇನು?’ ಎಂದು ಕೇಳಿದರೆ ಮತ್ತೆ ಬಾಯಿಪಾಠವೇ ಸಿಗುತ್ತದೆ. ಬದಲಿಗೆ ಮೂರು ಪ್ರಶ್ನೆಗಳು. 1. ಸ್ಥಿರ ವೇಗದಲ್ಲಿ ನೇರವಾಗಿ ಸಾಗುವ ದೋಣಿಯ ಮೇಲಿನ ನಿವ್ವಳ ಬಲ ಎಷ್ಟು? 2. ಕೀಲ್ ಇಲ್ಲದೆ ಹಾಯಿಯನ್ನು ಎರಡು ಪಟ್ಟು ಮಾಡಿದರೆ ಏನಾಗಬಹುದು? 3. ಮೊದಲು ಎಳೆದ ಬಾಣವನ್ನು ಈಗ ತಿದ್ದುವಿರಾ? ಕಾರಣ ಬರೆಯಿರಿ.

ಮೊದಲ ಪ್ರಶ್ನೆಯೇ ನಿಜವಾದ ಪರೀಕ್ಷೆ. ‘ಶೂನ್ಯ’ ಎಂದು ಬರೆದು, ಹಾಗಾದರೂ ದೋಣಿ ಏಕೆ ನಿಲ್ಲುವುದಿಲ್ಲ ಎಂದು ತನ್ನ ಮಾತಿನಲ್ಲಿ ವಿವರಿಸುವ ಮಗುವಿಗೆ ನ್ಯೂಟನ್ನನ ಮೊದಲ ನಿಯಮ ಅರ್ಥವಾಗಿದೆ. ‘ಮುಂದಕ್ಕೆ’ ಎಂದು ಬರೆದ ಮಕ್ಕಳ ಹೆಸರುಗಳನ್ನು ಗುರುತಿಟ್ಟುಕೊಂಡು, ಪರಿಹಾರ ಬೋಧನೆಗೆ ಅವರೊಂದಿಗೆ ಮತ್ತೆ ಟಬ್ಬಿನ ಬಳಿಗೇ ಹೋಗುವುದು ಒಳಿತು.