ಸ್ವಿಚ್‌ಗೆ ಎರಡು ಜಾಗ: ಗೃಹ ವಿದ್ಯುತ್ ಮಂಡಲದ ಪಾಠವನ್ನು ಎರಡನೆಯ ಸಲ ಮಾಡಿದ ಅನುಭವ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೆಯ ತರಗತಿಗೆ ಗೃಹಬಳಕೆಯ ವಿದ್ಯುತ್ ಮಂಡಲದ ಪಾಠ ನನ್ನ ಪಾಲಿಗೆ ಬಂದಿತ್ತು. ಮೊದಲ ದಿನ ಕಪ್ಪುಹಲಗೆಯ ಮೇಲೆ ಅಂದವಾದ ಚಿತ್ರ ಬರೆದೆ. ಸಜೀವ ತಂತಿ ಕೆಂಪು, ತಟಸ್ಥ ತಂತಿ ಕಪ್ಪು, ಭೂಸಂಪರ್ಕ ತಂತಿ ಹಸಿರು, ವಿಭವಾಂತರ 220 ವೋಲ್ಟ್ ಎಂದೆಲ್ಲ ಹೇಳಿದೆ. ಮಕ್ಕಳು ಬರೆದುಕೊಂಡರು. ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ನಮ್ಮನೆಯಲ್ಲಿ ಸ್ವಿಚ್ ಬಾಗಿಲ ಹಿಂದೆ ಇದೆ. ಒಳಗೆ ಹೋಗಿ ಬಾಗಿಲು ಹಾಕಿದ ಮೇಲೇ ಲೈಟ್ ಹಾಕೋಕೆ ಆಗೋದು. ಅಜ್ಜಿ ಕತ್ತಲಲ್ಲಿ ಎಡವಿ ಬಿದ್ರು. ಅಲ್ಲಿ ಯಾಕೆ ಇಡ್ತಾರೆ?" ಎಂದು ಕೇಳಿದಳು.

"ಅದು ಎಲೆಕ್ಟ್ರಿಷಿಯನ್ ನೋಡಿಕೊಳ್ಳುವ ವಿಷಯ, ನಮ್ಮ ಪಾಠದಲ್ಲಿ ಇಲ್ಲ" ಎಂದುಬಿಟ್ಟೆ. ಅವಳು ಸುಮ್ಮನೆ ಕುಳಿತಳು. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ನನ್ನ ದಾಖಲೆ ಪುಸ್ತಕದಲ್ಲಿ ಆ ಪ್ರಶ್ನೆಯನ್ನಷ್ಟೇ ಬರೆದು ಅಡಿಗೆರೆ ಎಳೆದಿದ್ದರು. ಅದನ್ನು ಕಂಡ ಮೇಲೆ ಅದೇ ಪಾಠವನ್ನು ಇನ್ನೊಮ್ಮೆ ಮಾಡಲು ಅನುಮತಿ ಕೇಳಿದೆ.

ಮತ್ತೆ ಯೋಜನೆ ಬರೆಯಲು ಕುಳಿತಾಗ ನನಗೇ ಒಂದು ವಿಷಯ ಸ್ಪಷ್ಟವಾಯಿತು. ಸ್ವಿಚ್‌ಗೆ ಎರಡು ಜಾಗಗಳಿವೆ. ಒಂದು ಗೋಡೆಯ ಮೇಲೆ, ಇನ್ನೊಂದು ಮಂಡಲದಲ್ಲಿ. ಮಗು ದಿನವೂ ನೋಡುವುದು ಮೊದಲನೆಯದನ್ನು, ನಾವು ಕಲಿಸುವುದು ಎರಡನೆಯದನ್ನು. ಇವೆರಡನ್ನೂ ಜೋಡಿಸುವುದೇ ಪಾಠ.

ತೊಡಗಿಸಿಕೊಳ್ಳುವಿಕೆ

ತರಗತಿಯ ಬಾಗಿಲಿನಿಂದಲೇ ಆರಂಭಿಸಿದೆ. ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಹೊರಗಿನಿಂದ ಬಂದು ದೀಪದ ಸ್ವಿಚ್ ಮುಟ್ಟಲು ಹೇಳಿದೆ. ಬೋರ್ಡ್ ಇರುವುದು ಕಪ್ಪುಹಲಗೆಯ ಆಚೆ. ಗೋಡೆ ಸವರುತ್ತ ಹೋದವನು ಮೇಜಿಗೆ ಮಂಡಿ ತಗುಲಿಸಿಕೊಂಡ. ಮಕ್ಕಳು ನಕ್ಕರು. "ರಾತ್ರಿ ಕರೆಂಟ್ ಬೋರ್ಡ್ ಹುಡುಕುವಾಗ ನಿಮ್ಮ ಮನೆಯಲ್ಲಿ ಯಾರಿಗೆ ಹೀಗಾಗುತ್ತದೆ?" ಎಂದು ಕೇಳಿದಾಗ ನಗು ನಿಂತು ಕೈಗಳು ಮೇಲೆದ್ದವು.

ಅನ್ವೇಷಣೆ: ಗೋಡೆಯ ಮೇಲಿನ ಜಾಗ

ಹಿಂದಿನ ದಿನವೇ ಗೃಹಕಾರ್ಯ ಕೊಟ್ಟಿದ್ದೆ. ಮನೆಯ ಒಂದು ಕೋಣೆಯ ನಕ್ಷೆ ಬರೆದು, ಬಾಗಿಲು ಯಾವ ಕಡೆ ತೆರೆಯುತ್ತದೆ, ಸ್ವಿಚ್ ಎಲ್ಲಿದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಗುರುತಿಸಬೇಕು. ಟೇಪ್ ಇಲ್ಲದವರು ಗೇಣಿನಲ್ಲಿ ಅಳೆಯಬಹುದು. ಬೋರ್ಡ್ ಬಿಚ್ಚಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು ಎಂದು ಎರಡು ಸಲ ಹೇಳಿ ಬರೆಸಿದ್ದೆ.

ಗುಂಪುಗಳಲ್ಲಿ ನಕ್ಷೆಗಳನ್ನು ಹೋಲಿಸಿ ಮಕ್ಕಳೇ ಮೂರು ಮಾತು ಹೇಳಿದರು.

1. ಸ್ವಿಚ್ ಬಾಗಿಲಿನ ಚಿಲಕದ ಬದಿಯ ಗೋಡೆಯಲ್ಲಿದ್ದರೆ ಒಳಗೆ ಕಾಲಿಡುತ್ತಲೇ ಕೈಗೆ ಸಿಗುತ್ತದೆ. ಹಿಂಜ್ ಇರುವ ಬದಿಯಲ್ಲಿದ್ದು ಬಾಗಿಲು ಒಳಕ್ಕೆ ತೆರೆದರೆ ಬಾಗಿಲೇ ಅದನ್ನು ಮುಚ್ಚುತ್ತದೆ.

2. ಎತ್ತರ ಎಲ್ಲರ ಕೈಗೂ ಎಟುಕಬೇಕು. ಅಪ್ಪನಿಗೆ ಸರಿಯಾದದ್ದು ತಮ್ಮನಿಗೂ ಬೆನ್ನು ಬಾಗಿದ ಅಜ್ಜಿಗೂ ಸರಿಯಾಗದಿರಬಹುದು. ಎಲ್ಲ ಕೋಣೆಗಳಲ್ಲೂ ಒಂದೇ ಎತ್ತರವಿದ್ದರೆ ಕತ್ತಲಲ್ಲೂ ಕೈಗೆ ಅಭ್ಯಾಸವಾಗುತ್ತದೆ.

3. ಬಚ್ಚಲುಮನೆಯ ಸ್ವಿಚ್ ಹೆಚ್ಚಿನ ಮನೆಗಳಲ್ಲಿ ಬಾಗಿಲ ಹೊರಗಿದೆ. ಕಾರಣ ಕೇಳಿದಾಗ "ನೀರು ಬೀಳುತ್ತದೆ" ಎಂದರು. ಒದ್ದೆಯಾದ ಚರ್ಮದ ರೋಧ ಕಡಿಮೆಯಾಗುತ್ತದೆ, ಅದೇ 220 ವೋಲ್ಟ್ ಆಗ ಹೆಚ್ಚು ವಿದ್ಯುತ್ತನ್ನು ದೇಹದ ಮೂಲಕ ಹರಿಸುತ್ತದೆ ಎಂದು ಓಮನ ನಿಯಮದಿಂದ ಅವರೇ ಬಿಡಿಸಿದರು.

ವಿವರಣೆ: ಮಂಡಲದಲ್ಲಿನ ಜಾಗ

ಎರಡು ಶುಷ್ಕಕೋಶ, ಒಂದು ಟಾರ್ಚ್ ಬಲ್ಬು, ಒಂದು ಸ್ವಿಚ್ ಕೊಟ್ಟು, ಸ್ವಿಚ್ಚನ್ನು ಬಲ್ಬಿನ ಒಂದು ಕಡೆ ಇಟ್ಟು ನೋಡಿ, ನಂತರ ಇನ್ನೊಂದು ಕಡೆ ಇಟ್ಟು ನೋಡಿ ಎಂದೆ. ಎರಡು ಕಡೆಯೂ ಬಲ್ಬು ಆರಿತು. "ಹಾಗಾದರೆ ಸಜೀವ ತಂತಿಯಲ್ಲೇ ಇಡಬೇಕು ಅಂತ ಯಾಕೆ ಮಿಸ್?" ಎಂಬ ಪ್ರಶ್ನೆ ಬಂತು.

ಇಲ್ಲಿ ನಮ್ಮ ಕಲಿಕೋಪಕರಣದ ಮಿತಿಯನ್ನು ಒಪ್ಪಿಕೊಳ್ಳಬೇಕಾಯಿತು. ಕೋಶದ ಮಂಡಲಕ್ಕೆ ಭೂಮಿಯೊಡನೆ ಸಂಪರ್ಕವಿಲ್ಲ, ಆದ್ದರಿಂದ ವ್ಯತ್ಯಾಸ ಕಾಣದು. ಮನೆಯ ಪೂರೈಕೆಯಲ್ಲಿ ತಟಸ್ಥ ತಂತಿಯನ್ನು ಭೂಮಿಗೆ ಜೋಡಿಸಿರುತ್ತಾರೆ, ನಾವು ನಿಂತಿರುವುದೂ ಭೂಮಿಯ ಮೇಲೆ. ಸ್ವಿಚ್ ತಟಸ್ಥ ತಂತಿಯಲ್ಲಿದ್ದರೆ ಅದನ್ನು ಆರಿಸಿದಾಗ ಬಲ್ಬು ಆರುತ್ತದೆ, ಆದರೆ ಹೋಲ್ಡರ್‌ವರೆಗೆ ಸಜೀವ ತಂತಿ ಹಾಗೇ ಇರುತ್ತದೆ. ಬಲ್ಬು ಬದಲಿಸಲು ಕೈ ಹಾಕಿದವರಿಗೆ ಶಾಕ್ ಹೊಡೆಯಬಹುದು. ಸ್ವಿಚ್ ಸಜೀವ ತಂತಿಯಲ್ಲಿದ್ದರೆ ಅಪಾಯ ಸ್ವಿಚ್ಚಿನಲ್ಲೇ ನಿಲ್ಲುತ್ತದೆ. ಇದನ್ನು ಪ್ರಯೋಗದಿಂದ ತೋರಿಸಲು ಹೋಗಬಾರದು. ಚಿತ್ರದ ಮೇಲೆ ಕೆಂಪು ಸೀಮೆಸುಣ್ಣದಿಂದ ಸಜೀವ ಭಾಗವನ್ನು ತಿದ್ದುತ್ತ ಬಂದರೆ ಸಾಕು.

ವಿಸ್ತರಣೆ: ಎರಡು ಬಾಗಿಲು, ಒಂದು ದೀಪ

"ಮೆಟ್ಟಿಲಿನ ಕೆಳಗೂ ಮೇಲೂ ಸ್ವಿಚ್ ಬೇಕು, ದೀಪ ಒಂದೇ. ಹೇಗೆ?" ಎಂದು ಕೇಳಿದೆ. ಒಂದು ಗುಂಪು ಎರಡು ಸಾಮಾನ್ಯ ಸ್ವಿಚ್‌ಗಳನ್ನು ಸರಣಿಯಲ್ಲಿ ಜೋಡಿಸಿತು. ಮೇಲಿನದು ಆರಿದ್ದರೆ ಕೆಳಗಿನಿಂದ ಏನು ಮಾಡಿದರೂ ದೀಪ ಹತ್ತಲಿಲ್ಲ. ಇನ್ನೊಂದು ಗುಂಪು ಸಮಾಂತರವಾಗಿ ಜೋಡಿಸಿತು. ಮೇಲಿನದು ಹಾಕಿದ್ದರೆ ಕೆಳಗಿನಿಂದ ಆರಿಸಲಾಗಲಿಲ್ಲ. ಈ ಎರಡು ಸೋಲುಗಳಿಗೆ ಹತ್ತು ನಿಮಿಷ ಹೋಯಿತು, ಆದರೆ ಸರಣಿ ಮತ್ತು ಸಮಾಂತರ ಜೋಡಣೆಯ ಅರ್ಥ ಗಟ್ಟಿಯಾದದ್ದು ಅಲ್ಲೇ.

ಆಮೇಲೆ ಮೂರು ತುದಿಗಳಿರುವ ಟೂ-ವೇ ಸ್ವಿಚ್ ಎರಡನ್ನು ಕೊಟ್ಟೆ. ಮೊದಲ ಸ್ವಿಚ್ಚಿನ ಸಾಮಾನ್ಯ ತುದಿಗೆ ಕೋಶ, ಎರಡನೆಯದರ ಸಾಮಾನ್ಯ ತುದಿಗೆ ಬಲ್ಬು, ಉಳಿದ ಎರಡೆರಡು ತುದಿಗಳ ನಡುವೆ ಎರಡು ತಂತಿ. ಎರಡೂ ಸ್ವಿಚ್‌ಗಳು ಒಂದೇ ತಂತಿಯನ್ನು ಆರಿಸಿಕೊಂಡಾಗ ದೀಪ ಹತ್ತುತ್ತದೆ, ಬೇರೆ ಬೇರೆ ಆರಿಸಿಕೊಂಡಾಗ ಆರುತ್ತದೆ. ನಾಲ್ಕು ಸ್ಥಿತಿಗಳ ಕೋಷ್ಟಕವನ್ನು ಮಕ್ಕಳೇ ತುಂಬಿದರು. ನಮ್ಮಲ್ಲಿ ಸಾಮಾನ್ಯವಾಗಿ ಸ್ವಿಚ್ ಕೆಳಗೆ ಒತ್ತಿದರೆ ಹತ್ತಿತು ಎಂದು ಲೆಕ್ಕ. ಟೂ-ವೇ ಸ್ವಿಚ್ಚಿಗೆ ಆ ಲೆಕ್ಕವಿಲ್ಲ ಎಂಬುದನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ಮೊದಲು ಗಮನಿಸಿದ.

ಮೌಲ್ಯಮಾಪನ

ವ್ಯಾಖ್ಯೆ ಕೇಳುವ ಬದಲು ಒಂದು ನಕ್ಷೆ ಕೊಟ್ಟೆ. ಎರಡು ಬಾಗಿಲಿನ ಒಂದು ಪಡಸಾಲೆ, ಪಕ್ಕದಲ್ಲಿ ಬಚ್ಚಲುಮನೆ. ಸ್ವಿಚ್‌ಗಳ ಜಾಗ ಗುರುತಿಸಿ, ಕಾರಣ ಬರೆದು, ಮಂಡಲ ಚಿತ್ರಿಸಬೇಕು. ಗೋಡೆಯ ಜಾಗವನ್ನು ಬಹುತೇಕರು ಸರಿಯಾಗಿ ಗುರುತಿಸಿದರು. ಸಜೀವ ತಂತಿಯ ಕಾರಣ ಬರೆಯುವಲ್ಲಿ ಹಲವರು ತಡವರಿಸಿದರು. ಆ ಭಾಗಕ್ಕೆ ಇನ್ನೊಂದು ಅವಧಿ ಬೇಕು.

ಆತ್ಮಾವಲೋಕನ

ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿಗೆ, ಅವಳ ಪ್ರಶ್ನೆಯಿಂದಲೇ ಈ ಪಾಠ ಹುಟ್ಟಿತು ಎಂದು ತರಗತಿಯ ಮುಂದೆ ಹೇಳಿದೆ. ಬೋರ್ಡನ್ನು ಆಚೆ ಬದಿಗೆ ಸರಿಸಿದರೆ ಸರಿಹೋಗುತ್ತದೆ ಎಂದೂ ಸೇರಿಸಿದೆ. ಅವಳು ಸ್ವಲ್ಪ ಯೋಚಿಸಿ, "ಗೋಡೆ ಒಡೆಯೋಕೆ ದುಡ್ಡು ಬೇಕು ಮಿಸ್. ಬಾಗಿಲನ್ನೇ ಬಿಚ್ಚಿ ಹಿಂಜನ್ನು ಆ ಕಡೆ ಹಾಕಿಸಿದ್ರೆ ಆಗಲ್ವಾ? ನಮ್ಮ ಮಾವ ಬಡಗಿ ಕೆಲಸ ಮಾಡ್ತಾರೆ" ಎಂದಳು. ನನಗೆ ಅದು ಹೊಳೆದೇ ಇರಲಿಲ್ಲ. ಹಾಗೆ ಮಾಡಿದರೆ ಸ್ವಿಚ್ ಇದ್ದಲ್ಲೇ ಇದ್ದು ಚಿಲಕದ ಬದಿಗೆ ಬರುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದ ಎರಡು ಸಲಹೆಗಳು. ಉಪಕರಣ ಏನನ್ನು ತೋರಿಸಲಾರದು ಎಂಬುದನ್ನೂ ಪಾಠಯೋಜನೆಯಲ್ಲಿ ಒಂದು ಸಾಲು ಬರೆದುಕೊಳ್ಳಿ. ಮಗು ಮನೆಯಿಂದ ತಂದ ಪ್ರಶ್ನೆಗೆ "ನಮ್ಮ ಪಾಠದಲ್ಲಿ ಇಲ್ಲ" ಎನ್ನುವ ಮೊದಲು, ಅದಕ್ಕೆ ಪಾಠದಲ್ಲಿ ಎಲ್ಲಿ ಜಾಗವಿದೆ ಎಂದು ಒಂದು ಕ್ಷಣ ಹುಡುಕಿ.